ಟೋಕಿಯೊದ ಹಣ ಹೊರವರ್ತುಲ ರಸ್ತೆಗೆ ಬಂದ ದಾರಿ: ಮಿತ್ಸುಯಿ ಫುದೋಸಾನ್ ಜಗತ್ತಿನಲ್ಲಿ ಹೂಡುವ ಬಗೆ

ಪ್ರಶ್ನೆ: ಬೆಂಗಳೂರಿನ ಹೊರವರ್ತುಲ ರಸ್ತೆಯ ಟೆಕ್ ಪಾರ್ಕ್ ಒಂದರಲ್ಲಿ ಕೆಲಸ ಮಾಡುತ್ತೇನೆ. ಅಲ್ಲಿಯ ಕೆಲವು ಕಟ್ಟಡಗಳಲ್ಲಿ ಜಪಾನಿನ ಮಿತ್ಸುಯಿ ಫುದೋಸಾನ್ ಎಂಬ ಕಂಪನಿಯ ಹಣವಿದೆ ಎಂದು ತಿಳಿಯಿತು. ಟೋಕಿಯೊದ ಕಂಪನಿಯೊಂದು ಇಷ್ಟು ದೂರ ಬಂದು ಹಣ ಹಾಕುವುದೇಕೆ? ಅಲ್ಲಿ ಬಡ್ಡಿ ಸೊನ್ನೆಯಾಗಿತ್ತು ಎಂಬುದಷ್ಟೇ ಕಾರಣವೇ? ನಾಲ್ಕು ವರ್ಷ ಲಾಭ ಮಾಡಿಕೊಂಡು ಮಾರಿ ಹೋಗುವ ಹಣವೇ ಇದು? ಇಂಥ ಕಂಪನಿಯ ಲೆಕ್ಕಪತ್ರವನ್ನು ಓದುವಾಗ ಏನನ್ನು ನೋಡಬೇಕು?

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಯಲ್ಲಿ ಬಹಳ ಜನ ನಂಬಿರುವ ಒಂದು ಊಹೆಯಿದೆ. ಅಗ್ಗದ ಬಡ್ಡಿಗೆ ಯೆನ್ ಸಾಲ ಪಡೆದು ಹೊರದೇಶದಲ್ಲಿ ಹೆಚ್ಚಿನ ಆದಾಯ ಗಳಿಸುವುದೇ ಜಪಾನಿನ ರಿಯಲ್ ಎಸ್ಟೇಟ್ ಕಂಪನಿಗಳ ಗುಟ್ಟು ಎಂಬ ಊಹೆ ಅದು. ನನ್ನ ತಿಳಿವಳಿಕೆಯಲ್ಲಿ ಅದು ಅರ್ಧಕ್ಕಿಂತ ಕಡಿಮೆ ನಿಜ. ಮಿತ್ಸುಯಿ ಫುದೋಸಾನ್‌ನಂಥ ಕಂಪನಿಗೆ ಹೊರದೇಶದಲ್ಲಿ ಬಲ ಕೊಡುವುದು ಬಡ್ಡಿದರಕ್ಕಿಂತ ಹೆಚ್ಚಾಗಿ ಅದರ ಕಾಯುವ ಶಕ್ತಿ. ಆ ಶಕ್ತಿ ಟೋಕಿಯೊದ ಹಳೆಯ ಕಟ್ಟಡಗಳು ತಿಂಗಳು ತಿಂಗಳೂ ತರುವ ಬಾಡಿಗೆಯಿಂದ ಬರುತ್ತದೆ. ಆದ್ದರಿಂದ ಬೆಂಗಳೂರಿಗೆ ಬರುವ ಮೊದಲು ಟೋಕಿಯೊದ ನಿಹೊಂಬಾಶಿಯಿಂದ ಆರಂಭಿಸಬೇಕಾಗುತ್ತದೆ.

ಮಿತ್ಸುಯಿ ಮನೆತನದ ವ್ಯಾಪಾರ 1673ರಲ್ಲಿ ಮಿತ್ಸುಯಿ ತಕತೋಶಿ ಎಡೊ ನಗರದಲ್ಲಿ, ಎಂದರೆ ಇಂದಿನ ಟೋಕಿಯೊದಲ್ಲಿ, ತೆರೆದ ಎಚಿಗೊಯಾ ಎಂಬ ಜವಳಿ ಅಂಗಡಿಯಿಂದ ಬೆಳೆಯಿತು. ಬ್ಯಾಂಕು, ಗಣಿ, ಹೊರದೇಶದ ವ್ಯಾಪಾರ ಎಲ್ಲವನ್ನೂ ಒಳಗೊಂಡ ಭಾರಿ ಉದ್ಯಮ ಸಮೂಹವಾದ ಆ ಮನೆತನದ ಸ್ಥಿರಾಸ್ತಿ ವಿಭಾಗವು 1941ರಲ್ಲಿ ಪ್ರತ್ಯೇಕ ಕಂಪನಿಯಾಯಿತು. 1929ರಲ್ಲಿ ಕಟ್ಟಿದ ಮಿತ್ಸುಯಿ ಪ್ರಧಾನ ಕಟ್ಟಡ ಇಂದಿಗೂ ನಿಹೊಂಬಾಶಿಯಲ್ಲಿ ನಿಂತಿದೆ. ಆದರೆ ಕಂಪನಿಯನ್ನು ಇಂದಿನ ಗಾತ್ರಕ್ಕೆ ಬೆಳೆಸಿದ್ದು ಪೂರ್ವಜರ ಜಮೀನಲ್ಲ, ಯುದ್ಧಾನಂತರದ ಎರಡು ದಿಟ್ಟ ಕೆಲಸಗಳು. ಮೊದಲನೆಯದು ಟೋಕಿಯೊ ಕೊಲ್ಲಿಯ ಚಿಬಾ ತೀರದಲ್ಲಿ ಸಮುದ್ರವನ್ನು ತುಂಬಿ ನೆಲ ಮಾಡಿದ್ದು. 1960ರಲ್ಲಿ ಕೈಸೆಯ್ ರೈಲ್ವೆ ಕಂಪನಿ ಮುಂತಾದವರ ಜೊತೆ ಸೇರಿ ಮಿತ್ಸುಯಿ ಫುದೋಸಾನ್ ಸ್ಥಾಪಿಸಿದ ಓರಿಯಂಟಲ್ ಲ್ಯಾಂಡ್ ಎಂಬ ಕಂಪನಿಯೇ ಮುಂದೆ ಅಂಥ ತುಂಬಿದ ನೆಲದ ಮೇಲೆ ಟೋಕಿಯೊ ಡಿಸ್ನಿಲ್ಯಾಂಡ್ ಕಟ್ಟಿ 1983ರಲ್ಲಿ ತೆರೆಯಿತು. ಕಂಪನಿ ಹುಟ್ಟಿದ್ದಕ್ಕೂ ಬಾಗಿಲು ತೆರೆದದ್ದಕ್ಕೂ ನಡುವೆ 23 ವರ್ಷ ಕಳೆದಿದ್ದವು ಎಂಬುದನ್ನು ಗಮನಿಸಿ. ಎರಡನೆಯದು 1968ರಲ್ಲಿ ಮುಗಿದ ಕಸುಮಿಗಸೆಕಿ ಕಟ್ಟಡ. ಭೂಕಂಪದ ಭಯದಿಂದ ಜಪಾನಿನಲ್ಲಿ ಕಟ್ಟಡಗಳ ಎತ್ತರಕ್ಕೆ 31 ಮೀಟರಿನ ಮಿತಿ ಇತ್ತು. 1963ರಲ್ಲಿ ಕಾನೂನು ಬದಲಾಗಿ, ಎತ್ತರಕ್ಕೆ ಬದಲು ನಿವೇಶನದ ವಿಸ್ತೀರ್ಣಕ್ಕೆ ತಕ್ಕಷ್ಟು ನೆಲವಿಸ್ತೀರ್ಣ ಎಂಬ ಲೆಕ್ಕ ಬಂತು. ಆ ಅವಕಾಶವನ್ನು ಹಿಡಿದು 36 ಮಹಡಿಗಳ, 147 ಮೀಟರ್ ಎತ್ತರದ ದೇಶದ ಮೊದಲ ಗಗನಚುಂಬಿಯನ್ನು ಈ ಕಂಪನಿ ಕಟ್ಟಿತು. ಕಟ್ಟಿದ ಮೇಲೆ ಮಾರದೆ ಉಳಿಸಿಕೊಂಡಿತು ಎಂಬುದು ನಮ್ಮ ವಿಷಯಕ್ಕೆ ಮುಖ್ಯ.

ಇಂದು ಕಂಪನಿಯ ಆದಾಯ ನಾಲ್ಕು ಕಡೆಯಿಂದ ಬರುತ್ತದೆ. ಕಚೇರಿ, ಮಾಲ್, ಗೋದಾಮುಗಳ ಬಾಡಿಗೆ ಒಂದು. ಮನೆಗಳನ್ನು ಜನರಿಗೂ, ಬಾಡಿಗೆದಾರರಿಂದ ತುಂಬಿದ ಕಟ್ಟಡಗಳನ್ನು ಹೂಡಿಕೆದಾರರಿಗೂ ಮಾರುವುದು ಇನ್ನೊಂದು. ಇತರರ ಕಟ್ಟಡಗಳ ನಿರ್ವಹಣೆ, ದಲ್ಲಾಳಿ ಕೆಲಸ, ಪಾರ್ಕಿಂಗ್ ವ್ಯವಸ್ಥೆ ಮುಂತಾದ ಸೇವೆಗಳು ಮತ್ತೊಂದು. ಹೋಟೆಲುಗಳೂ 2021ರಲ್ಲಿ ಕೊಂಡ ಟೋಕಿಯೊ ಡೋಮ್ ಕ್ರೀಡಾಂಗಣವೂ ನಾಲ್ಕನೆಯದು. 2025ರ ಮಾರ್ಚ್‌ಗೆ ಮುಗಿದ ವರ್ಷದಲ್ಲಿ ಒಟ್ಟು ಆದಾಯ 2.6 ಲಕ್ಷ ಕೋಟಿ ಯೆನ್ ದಾಟಿತ್ತು. ಈ ನಾಲ್ಕರಲ್ಲಿ ಯಾವುದು ಎಷ್ಟು ಎಂಬುದಕ್ಕಿಂತ ಒಂದರಿಂದ ಇನ್ನೊಂದಕ್ಕೆ ಕಟ್ಟಡ ಹೇಗೆ ಹರಿಯುತ್ತದೆ ಎಂಬುದನ್ನು ಅರಿತರೆ ಕಂಪನಿ ಅರ್ಥವಾಗುತ್ತದೆ. ಹಳೆಯ ನಗರಭಾಗವೊಂದರಲ್ಲಿ ಸಣ್ಣ ಸಣ್ಣ ನಿವೇಶನಗಳ ಮಾಲೀಕರನ್ನು ಒಂದೆಡೆ ಸೇರಿಸಲು ಹತ್ತು ಹದಿನೈದು ವರ್ಷ ಹಿಡಿಯಬಹುದು. ಕಟ್ಟಲು ನಾಲ್ಕೈದು ವರ್ಷ. ಬಾಡಿಗೆದಾರರು ತುಂಬಿ ಆದಾಯ ಸ್ಥಿರವಾಗಲು ಮತ್ತೆ ಒಂದೆರಡು ವರ್ಷ. ಹೀಗೆ ಪಕ್ವವಾದ ಕಟ್ಟಡವನ್ನು ಕಂಪನಿ ತಾನೇ ಪ್ರಾಯೋಜಿಸಿದ ರೀಟ್‌ಗೆ, ಎಂದರೆ ಬಾಡಿಗೆ ಆದಾಯವನ್ನು ಘಟಕದಾರರಿಗೆ ಹಂಚುವ ಹೂಡಿಕೆ ಸಂಸ್ಥೆಗೆ, ಮಾರಬಹುದು. 2001ರ ಸೆಪ್ಟೆಂಬರಿನಲ್ಲಿ ಟೋಕಿಯೊ ಷೇರುಪೇಟೆಗೆ ಬಂದ ಜಪಾನಿನ ಮೊದಲ ಎರಡು ರೀಟ್‌ಗಳಲ್ಲಿ ಮಿತ್ಸುಯಿ ಫುದೋಸಾನ್ ಪ್ರಾಯೋಜಿಸಿದ ನಿಪ್ಪಾನ್ ಬಿಲ್ಡಿಂಗ್ ಫಂಡ್ ಒಂದು. 1974ರಲ್ಲಿ ಕಟ್ಟಿದ ಶಿಂಜುಕು ಮಿತ್ಸುಯಿ ಕಟ್ಟಡವನ್ನು ಸುಮಾರು ಅರ್ಧ ಶತಮಾನ ಬಾಡಿಗೆಗೆ ಕೊಟ್ಟು 2021ರಲ್ಲಿ ಇದೇ ಫಂಡ್‌ಗೆ ದಾಟಿಸಲಾಯಿತು. ಮಾರಿದ ಮೇಲೂ ನಿರ್ವಹಣೆಯ ಶುಲ್ಕ ಸಮೂಹಕ್ಕೇ ಬರುತ್ತದೆ. ಬಾಡಿಗೆದಾರರ ಸಂಬಂಧವೂ ಕೈತಪ್ಪುವುದಿಲ್ಲ. ಬಂದ ಹಣ ಮುಂದಿನ ನಿವೇಶನಕ್ಕೆ ಹೋಗುತ್ತದೆ.

ಇಲ್ಲಿ ಒಂದು ಮಾತು ಸೇರಿಸಬೇಕು. 2011ರ ಮಹಾಭೂಕಂಪದಲ್ಲಿ ಶಿಂಜುಕುವಿನ ಎತ್ತರದ ಕಟ್ಟಡಗಳು ನಿಧಾನವಾಗಿ, ಬಹಳ ಹೊತ್ತು ತೂಗಾಡಿದ್ದವು. ಆ ಬಳಿಕ ಇದೇ ಶಿಂಜುಕು ಮಿತ್ಸುಯಿ ಕಟ್ಟಡದ ತಾರಸಿಯ ಮೇಲೆ ತಲಾ 300 ಟನ್ ತೂಕದ ಆರು ಲೋಲಕಗಳನ್ನು ತೂಗುಹಾಕಿ, ಕಟ್ಟಡ ಒಂದು ಕಡೆ ವಾಲಿದಾಗ ಅವು ಎದುರು ದಿಕ್ಕಿಗೆ ಎಳೆಯುವಂತೆ ಮಾಡಲಾಯಿತು. ನಲವತ್ತು ವರ್ಷ ಹಳೆಯ ಕಟ್ಟಡಕ್ಕೆ ಇಷ್ಟು ಖರ್ಚು ಮಾಡುವವನು ಮುಂದಿನ ಮೂವತ್ತು ವರ್ಷದ ಬಾಡಿಗೆಯನ್ನು ಎಣಿಸುತ್ತಿರುತ್ತಾನೆ. ಮಾರಿ ಹೋಗುವ ಹಣವೇ ಎಂಬ ನಿಮ್ಮ ಪ್ರಶ್ನೆಗೆ ಇಂಥ ನಡವಳಿಕೆಯೂ ಒಂದು ಸಾಕ್ಷಿ ಎಂದು ನಾನು ಪರಿಗಣಿಸುತ್ತೇನೆ.

ಹಾಗಾದರೆ ಹೊರದೇಶಕ್ಕೆ ಹೋಗುವುದೇಕೆ? ಜಪಾನಿನ ಜನಸಂಖ್ಯೆ 2008ರ ಹೊತ್ತಿಗೆ 12.8 ಕೋಟಿಯ ಶಿಖರ ಮುಟ್ಟಿ ಇಳಿಯತೊಡಗಿತು ಎಂಬ ಕಾರಣವನ್ನು ಎಲ್ಲರೂ ಹೇಳುತ್ತಾರೆ, ಅದು ಸರಿಯೂ ಹೌದು. ಆದರೆ ಅಷ್ಟೇ ಮುಖ್ಯವಾದ ಇನ್ನೊಂದು ಕಾರಣ ಬಾಡಿಗೆ ಕರಾರಿನಲ್ಲಿದೆ, ಅದರ ಕಡೆಗೆ ಓದುಗರ ಗಮನ ಹೋಗುವುದು ಕಡಿಮೆ. ಜಪಾನಿನ ಸಾಮಾನ್ಯ ಕಚೇರಿ ಗುತ್ತಿಗೆ ಎರಡು ವರ್ಷದ್ದು. ಬಾಡಿಗೆದಾರ ಸಾಮಾನ್ಯವಾಗಿ ಆರು ತಿಂಗಳ ಮುನ್ಸೂಚನೆ ಕೊಟ್ಟು ಹೊರಡಬಹುದು. ಮಾಲೀಕ ಮಾತ್ರ ತಕ್ಕ ಕಾರಣವಿಲ್ಲದೆ ನವೀಕರಣವನ್ನು ನಿರಾಕರಿಸುವಂತಿಲ್ಲ. ಮಾಲೀಕರಿಗೆ ಅನುಕೂಲವಾದ ನಿಶ್ಚಿತಾವಧಿ ಗುತ್ತಿಗೆ ಕಾನೂನಿನಲ್ಲಿ ಬಂದದ್ದೇ 2000ದಲ್ಲಿ. ನ್ಯೂಯಾರ್ಕ್‌ನಲ್ಲಿ ದೊಡ್ಡ ಕಾನೂನು ಸಂಸ್ಥೆಯೋ ಹಣಕಾಸು ಸಂಸ್ಥೆಯೋ ಹತ್ತು, ಹದಿನೈದು, ಇಪ್ಪತ್ತು ವರ್ಷಗಳ ಕರಾರಿಗೆ ಸಹಿ ಹಾಕುತ್ತದೆ, ನಡುವೆ ಬಾಡಿಗೆ ಎಷ್ಟು ಏರಬೇಕೆಂಬುದೂ ಅದರಲ್ಲೇ ಬರೆದಿರುತ್ತದೆ. ಲಂಡನ್‌ನಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿಯಂತೆ ಐದು ವರ್ಷಕ್ಕೊಮ್ಮೆ ಬಾಡಿಗೆಯ ಮರುಪರಿಶೀಲನೆ ನಡೆದರೆ ಅದು ಏರಬಹುದೇ ಹೊರತು ಇಳಿಯುವಂತಿಲ್ಲ. ಈ ಪದ್ಧತಿಯನ್ನು ಹೊಸ ಗುತ್ತಿಗೆಗಳಲ್ಲಿ ನಿಷೇಧಿಸುವ ಪ್ರಸ್ತಾಪವನ್ನು 2025ರ ಜುಲೈನಲ್ಲಿ ಬ್ರಿಟಿಷ್ ಸರ್ಕಾರ ಮುಂದಿಟ್ಟಾಗ ಮಾಲೀಕರ ವಲಯದಲ್ಲಿ ಎದ್ದ ಕಳವಳಕ್ಕೆ ಇದೇ ಕಾರಣ. ದಶಕಗಳ ಕಾಲ ಬೆಲೆಯೇರಿಕೆಯೇ ಇಲ್ಲದ ತಾಯ್ನಾಡಿನಲ್ಲಿ ಎರಡೆರಡು ವರ್ಷದ ಗುತ್ತಿಗೆಗಳನ್ನು ನಂಬಿದ್ದ ಕಂಪನಿಗೆ, ಏರುವ ಬಾಡಿಗೆಯನ್ನು ಹದಿನೈದು ವರ್ಷ ಮುಂಚಿತವಾಗಿ ಬರೆದುಕೊಡುವ ನಗರಗಳು ಆಕರ್ಷಕವಾಗಿ ಕಂಡದ್ದು ಸಹಜ.

ಆದರೆ ಜಪಾನಿನ ಕಂಪನಿಗಳು ಹೊರಗೆ ಹೋಗಿ ಕೈಸುಟ್ಟುಕೊಂಡ ಚರಿತ್ರೆಯೂ ಇದೆ, ಅದನ್ನು ಬಿಟ್ಟು ಇಂದಿನ ರೀತಿ ಅರ್ಥವಾಗದು. ಡಾಲರಿನ ಬೆಲೆ ಇಳಿಸಲು ಐದು ದೊಡ್ಡ ದೇಶಗಳು ಮಾಡಿಕೊಂಡ 1985ರ ಪ್ಲಾಜಾ ಒಪ್ಪಂದದ ಬಳಿಕ ಯೆನ್ ಎರಡೇ ವರ್ಷಗಳಲ್ಲಿ ಡಾಲರಿಗೆ ಸುಮಾರು 240ರಿಂದ 150ರ ಕೆಳಗೆ ಬಂದು ಬಲಗೊಂಡಿತು. ಟೋಕಿಯೊದ ನೆಲದ ಬೆಲೆ ಆಕಾಶಕ್ಕೇರಿತ್ತು, ಅದನ್ನು ಒತ್ತೆಯಿಟ್ಟರೆ ಬ್ಯಾಂಕುಗಳು ಕೇಳಿದಷ್ಟು ಕೊಡುತ್ತಿದ್ದವು. 1986ರಲ್ಲಿ ಮಿತ್ಸುಯಿ ಫುದೋಸಾನ್ ಮ್ಯಾನ್‌ಹಟನ್‌ನ ಆರನೆಯ ಅವೆನ್ಯೂದಲ್ಲಿದ್ದ ಎಕ್ಸಾನ್ ಕಟ್ಟಡವನ್ನು 61 ಕೋಟಿ ಡಾಲರಿಗೆ ಕೊಂಡಿತು. ಮೂರು ವರ್ಷಗಳ ನಂತರ ಅದರ ಪ್ರತಿಸ್ಪರ್ಧಿಯಾದ ಮಿತ್ಸುಬಿಷಿ ಎಸ್ಟೇಟ್ ಅದೇ ಸುತ್ತಿನ ರಾಕ್‌ಫೆಲ್ಲರ್ ಸೆಂಟರ್‌ನ ಒಡೆಯರಾದ ರಾಕ್‌ಫೆಲ್ಲರ್ ಗ್ರೂಪ್‌ನ ಶೇ. 51ರಷ್ಟು ಪಾಲನ್ನು 84.6 ಕೋಟಿ ಡಾಲರಿಗೆ ಪಡೆಯಿತು. ಆ ಸಂಕೀರ್ಣದ ಮೇಲೆ ದೊಡ್ಡ ಅಡಮಾನ ಸಾಲವಿತ್ತು, ಹಳೆಯ ಗುತ್ತಿಗೆಗಳು ಮುಗಿದ ಮೇಲೆ ಬಾಡಿಗೆ ಏರುತ್ತದೆ ಎಂಬ ನಿರೀಕ್ಷೆಯ ಮೇಲೆ ಲೆಕ್ಕ ನಿಂತಿತ್ತು. 1990ರ ದಶಕದ ಆರಂಭದಲ್ಲಿ ನ್ಯೂಯಾರ್ಕ್‌ನ ಬಾಡಿಗೆ ಏರುವ ಬದಲು ಬಿದ್ದಿತು, 1995ರಲ್ಲಿ ಸಂಕೀರ್ಣದ ಒಡೆತನ ಹೊಂದಿದ್ದ ಪಾಲುದಾರಿಕೆಗಳು ದಿವಾಳಿ ರಕ್ಷಣೆಗೆ ಅರ್ಜಿ ಹಾಕಿದವು. ಎಕ್ಸಾನ್ ಕಟ್ಟಡಕ್ಕೂ ಕಷ್ಟಕಾಲ ಬಂತು. ಎಕ್ಸಾನ್ ಕಂಪನಿ ತನ್ನ ಪ್ರಧಾನ ಕಚೇರಿಯನ್ನು ಟೆಕ್ಸಸ್‌ಗೆ ಸಾಗಿಸಿತು. ಆದರೂ ಮಿತ್ಸುಯಿ ಫುದೋಸಾನ್ ಆ ಕಟ್ಟಡವನ್ನು ಬಿಡಲಿಲ್ಲ. 1251 ಅವೆನ್ಯೂ ಆಫ್ ದಿ ಅಮೆರಿಕಾಸ್ ಎಂಬ ಹೆಸರಿನಲ್ಲಿ ಬೇರೆ ಬಾಡಿಗೆದಾರರಿಂದ ತುಂಬಿಸಿ ನಡೆಸಿಕೊಂಡು ಬಂತು. ಒಂದೇ ಬೀದಿಯ ಈ ಎರಡು ಪ್ರಕರಣಗಳನ್ನು ಪಕ್ಕದಲ್ಲಿಟ್ಟು ನೋಡಿದರೆ, ಸ್ಥಿರಾಸ್ತಿಯಲ್ಲಿ ಒಬ್ಬನನ್ನು ಮುಳುಗಿಸುವುದು ಕೊಂಡ ಬೆಲೆ ಮಾತ್ರವಲ್ಲ, ಕೆಟ್ಟ ಕಾಲದಲ್ಲಿ ಸಾಲದ ಕಂತು ಕಟ್ಟಲು ಬೇರೆ ಆದಾಯವಿದೆಯೇ ಎಂಬುದೂ ಹೌದು ಎಂದು ತಿಳಿಯುತ್ತದೆ.

ಇಂದಿನ ಪದ್ಧತಿ ಆ ಅನುಭವದಿಂದ ರೂಪುಗೊಂಡದ್ದು. ಸಿದ್ಧ ಕಟ್ಟಡವನ್ನು ಶಿಖರದ ಬೆಲೆಗೆ ಕೊಳ್ಳುವ ಬದಲು, ಊರು ಬಲ್ಲ ಅಭಿವೃದ್ಧಿಗಾರನೊಬ್ಬನ ಜೊತೆ ಕಟ್ಟಡ ಏಳುವ ಮೊದಲೇ ಸೇರಿಕೊಳ್ಳುವುದು. ಪಾಲುದಾರ ಅನುಮತಿ, ಗುತ್ತಿಗೆದಾರ, ಬಾಡಿಗೆದಾರರ ಹುಡುಕಾಟ ನೋಡಿಕೊಂಡರೆ ತಾನು ಬಂಡವಾಳದ ದೊಡ್ಡ ಪಾಲು ಹಾಕುವುದು. ಪಾಲುದಾರನ ಸ್ವಂತ ಹಣವೂ ಸ್ವಲ್ಪ ಸಿಕ್ಕಿಕೊಂಡಿರುವಂತೆ ನೋಡಿಕೊಳ್ಳುವುದು. ಮ್ಯಾನ್‌ಹಟನ್‌ನ ಪಶ್ಚಿಮ ಅಂಚಿನ ಹಡ್ಸನ್ ಯಾರ್ಡ್ಸ್ ಇದಕ್ಕೆ ಅತ್ಯುತ್ತಮ ಉದಾಹರಣೆ. ಅಲ್ಲಿ ರಿಲೇಟೆಡ್ ಮತ್ತು ಆಕ್ಸ್‌ಫರ್ಡ್ ಎಂಬ ಎರಡು ಸಂಸ್ಥೆಗಳು ಇಡೀ ಬಡಾವಣೆಯನ್ನು ರೂಪಿಸುತ್ತಿದ್ದವು. 55 ಹಡ್ಸನ್ ಯಾರ್ಡ್ಸ್ ಗೋಪುರದಲ್ಲೂ, ಆಮೇಲೆ 2022ರಲ್ಲಿ ಮುಗಿದ 58 ಮಹಡಿಗಳ 50 ಹಡ್ಸನ್ ಯಾರ್ಡ್ಸ್ ಗೋಪುರದಲ್ಲೂ ಮಿತ್ಸುಯಿ ಫುದೋಸಾನ್ ಶೇ. 90ರಷ್ಟು ಅಥವಾ ಅದಕ್ಕೂ ಮೀರಿದ ಪಾಲು ಪಡೆಯಿತು. ಎರಡನೆಯ ಗೋಪುರಕ್ಕೆ ಬ್ಲ್ಯಾಕ್‌ರಾಕ್ ಎಂಬ ಹೂಡಿಕೆ ಸಂಸ್ಥೆ ಕಟ್ಟಡ ಮೇಲೇಳುವ ಮುನ್ನವೇ ಸುಮಾರು 8.5 ಲಕ್ಷ ಚದರಡಿಗೆ ಒಪ್ಪಿಕೊಂಡಿತ್ತು, ಬಳಿಕ ಫೇಸ್‌ಬುಕ್ ಅದಕ್ಕಿಂತ ಹೆಚ್ಚು ಜಾಗ ತೆಗೆದುಕೊಂಡಿತು. 2020ರ ನಂತರ ನ್ಯೂಯಾರ್ಕ್‌ನ ಹಳೆಯ ಕಚೇರಿ ಕಟ್ಟಡಗಳು ಖಾಲಿ ಬಿದ್ದಾಗ ಹೊಸ, ರೈಲಿಗೆ ಹತ್ತಿರದ ಗೋಪುರಗಳು ಮಾತ್ರ ತುಂಬಿ ನಿಂತವು. ಹೊಸದನ್ನೇ ಕಟ್ಟಬೇಕೆಂಬ ನಿರ್ಧಾರ ಇಲ್ಲಿ ಫಲ ಕೊಟ್ಟಿತು.

ಲಂಡನ್‌ನಲ್ಲಿ ಸ್ಟ್ಯಾನ್‌ಹೋಪ್ ಎಂಬ ಅಭಿವೃದ್ಧಿ ಸಂಸ್ಥೆ ಇದೇ ಪಾತ್ರ ವಹಿಸಿದೆ. 2012ರಲ್ಲಿ ಬಿಬಿಸಿ ತನ್ನ ಹೆಸರಾಂತ ಟೆಲಿವಿಷನ್ ಸೆಂಟರ್ ಅನ್ನು 20 ಕೋಟಿ ಪೌಂಡಿಗೆ ಸ್ಟ್ಯಾನ್‌ಹೋಪ್‌ಗೆ ಮಾರಿದಾಗ ಅದರ ಹಿಂದೆ ಮಿತ್ಸುಯಿ ಫುದೋಸಾನ್ ಮತ್ತು ಕೆನಡಾದ ಆಲ್ಬರ್ಟಾ ಪ್ರಾಂತದ ಪಿಂಚಣಿ ಹಣ ನಿರ್ವಹಿಸುವ ಸಂಸ್ಥೆಯ ಬಂಡವಾಳವಿತ್ತು. ವೃತ್ತಾಕಾರದ ಹಳೆಯ ಕಟ್ಟಡವನ್ನು ಕೆಡವದೆ ಮನೆ, ಹೋಟೆಲ್, ಕಚೇರಿಗಳನ್ನಾಗಿ ಮಾಡಿ, ಕೆಲವು ಸ್ಟುಡಿಯೊಗಳನ್ನು ಹಾಗೇ ಉಳಿಸಲಾಯಿತು. ಬ್ರಿಟಿಷ್ ಲೈಬ್ರರಿಯ ವಿಸ್ತರಣಾ ಯೋಜನೆಗೂ ಇದೇ ಜೋಡಿ ಕೈಹಾಕಿದೆ.

ಏಷ್ಯಾದಲ್ಲಿ ಮಾತ್ರ ಕಂಪನಿ ಬೇರೆ ರೀತಿ ನಡೆದುಕೊಳ್ಳುತ್ತದೆ. 1981ರಲ್ಲಿ ಫುನಾಬಾಶಿಯಲ್ಲಿ ತೆರೆದ ಮಾಲ್‌ನಿಂದ ಆರಂಭವಾದ ಲಾಲಾಪೋರ್ಟ್ ಎಂಬ ಹೆಸರನ್ನೂ, ರಿಯಾಯಿತಿ ಮಳಿಗೆಗಳ ಮಿತ್ಸುಯಿ ಔಟ್‌ಲೆಟ್ ಪಾರ್ಕ್ ಎಂಬ ಹೆಸರನ್ನೂ ತನ್ನದೇ ಸಿಬ್ಬಂದಿ ಸಮೇತ ಹೊರಗೆ ಕೊಂಡೊಯ್ದಿದೆ. ಕ್ವಾಲಾಲಂಪುರ ವಿಮಾನನಿಲ್ದಾಣದ ಬಳಿಯ ಔಟ್‌ಲೆಟ್ 2015ರಲ್ಲಿ, ತೈವಾನಿನ ಲಿಂಕೌನಲ್ಲಿನದು 2016ರಲ್ಲಿ, ಶಾಂಘೈನ ಲಾಲಾಪೋರ್ಟ್ 2021ರಲ್ಲಿ, ಕ್ವಾಲಾಲಂಪುರದ ಹಳೆಯ ಪುಡು ಜೈಲಿನ ಜಾಗದಲ್ಲಿ ಎದ್ದ ಬಡಾವಣೆಯ ಲಾಲಾಪೋರ್ಟ್ 2022ರಲ್ಲಿ, ತೈಚುಂಗ್‌ನದು 2023ರಲ್ಲಿ ತೆರೆದವು. ಮಾಲ್ ಎಂಬುದು ಕಚೇರಿಯಂತೆ ಬೀಗದ ಕೈ ಕೊಟ್ಟು ಬಾಡಿಗೆಗೆ ಕಾಯುವ ವ್ಯವಹಾರವಲ್ಲ. ಯಾವ ಅಂಗಡಿಯ ಪಕ್ಕ ಯಾವ ಅಂಗಡಿ ಇರಬೇಕು, ಮಾರಾಟದ ಶೇಕಡಾ ಎಷ್ಟು ಬಾಡಿಗೆಯಾಗಬೇಕು, ಮಾರಾಟ ಕುಗ್ಗಿದ ಅಂಗಡಿಯನ್ನು ಯಾವಾಗ ಬದಲಿಸಬೇಕು ಎಂದು ದಿನವೂ ನೋಡುವ ಕೆಲಸ ಅದು. ಜಪಾನಿನ ಬ್ರ್ಯಾಂಡುಗಳು ಕಂಪನಿಯ ಬೆನ್ನಹಿಂದೆ ಬರುತ್ತವೆ ಎಂಬ ಅನುಕೂಲ ಅಲ್ಲಿದೆ. ಅಮೆರಿಕದಲ್ಲಿ ಆ ಅನುಕೂಲ ಇಲ್ಲದ್ದರಿಂದ ಅಲ್ಲಿ ಮಾಲ್‌ಗೆ ಬದಲು ಕಚೇರಿ ಮತ್ತು ಬಾಡಿಗೆ ಮನೆಗಳ ದಾರಿ ಹಿಡಿದಿದೆ.

ಈಗ ಬಡ್ಡಿಯ ವಿಷಯ. ಟೋಕಿಯೊದಲ್ಲಿ ಬಹುಕಾಲ ಶೇ. 1ಕ್ಕಿಂತ ಕಡಿಮೆ ಬಡ್ಡಿಗೆ ಯೆನ್ ಸಾಲ ಸಿಗುತ್ತಿತ್ತು, ನ್ಯೂಯಾರ್ಕ್‌ನಲ್ಲಿ ಕಟ್ಟಡ ಶೇ. 5 ತರುತ್ತದೆ, ಹಾಗಾದರೆ ಮಧ್ಯದ ಶೇ. 4 ಲಾಭವಲ್ಲವೇ ಎಂದು ಕೇಳುವವರಿದ್ದಾರೆ. ಯೆನ್ ಸಾಲವನ್ನು ಡಾಲರ್ ಮಾಡಿ ಕಟ್ಟಡಕ್ಕೆ ಹಾಕಿದವನು ಮುಂದೊಂದು ದಿನ ಡಾಲರನ್ನು ಯೆನ್ ಮಾಡಿ ಸಾಲ ತೀರಿಸಬೇಕು. ಆ ದಿನದ ವಿನಿಮಯ ದರವನ್ನು ಇಂದೇ ಗಟ್ಟಿ ಮಾಡಿಕೊಳ್ಳಲು ಮುಂಗಡ ಒಪ್ಪಂದ, ಎಂದರೆ ಹೆಡ್ಜಿಂಗ್, ಮಾಡಿಕೊಂಡರೆ ಅದರ ವೆಚ್ಚ ಹೆಚ್ಚುಕಡಿಮೆ ಎರಡು ದೇಶಗಳ ಬಡ್ಡಿದರದ ಅಂತರದಷ್ಟೇ ಆಗುತ್ತದೆ, ಏಕೆಂದರೆ ಹಾಗಾಗದಿದ್ದರೆ ಬ್ಯಾಂಕುಗಳು ಕೂತಲ್ಲೇ ಆ ವ್ಯತ್ಯಾಸವನ್ನು ಗಳಿಸಿಬಿಡುತ್ತಿದ್ದವು. 2023ರ ಜುಲೈನಲ್ಲಿ ಅಮೆರಿಕದ ಕೇಂದ್ರ ಬ್ಯಾಂಕು ದರವನ್ನು ಶೇ. 5.25–5.50ಕ್ಕೆ ಏರಿಸಿದಾಗ ಜಪಾನಿನ ದರ ಇನ್ನೂ ಋಣಾತ್ಮಕವಾಗಿತ್ತು; ಆಗ ಡಾಲರ್ ಹೂಡಿಕೆಯನ್ನು ಯೆನ್‌ಗೆ ಹೆಡ್ಜ್ ಮಾಡಹೊರಟವನಿಗೆ ವರ್ಷಕ್ಕೆ ಶೇ. 5ಕ್ಕೂ ಹೆಚ್ಚು ಖರ್ಚಾಗುತ್ತಿತ್ತು. ಹೆಡ್ಜ್ ಮಾಡದೆ ಬಿಟ್ಟರೆ ಅದು ಸ್ಥಿರಾಸ್ತಿ ವ್ಯವಹಾರವಾಗಿ ಉಳಿಯದು, ಕರೆನ್ಸಿಯ ಜೂಜಾಗುತ್ತದೆ. ಆದ್ದರಿಂದ ಇಂಥ ಕಂಪನಿಗಳು ಹೊರದೇಶದ ಯೋಜನೆಗೆ ಬೇಕಾದ ಸಾಲದ ಗಣನೀಯ ಭಾಗವನ್ನು ಆಯಾ ದೇಶದ ಕರೆನ್ಸಿಯಲ್ಲೇ ಎತ್ತುತ್ತವೆ. ಬಾಡಿಗೆ ಡಾಲರಿನಲ್ಲಿ ಬಂದರೆ ಕಂತೂ ಡಾಲರಿನಲ್ಲೇ ಹೋಗುತ್ತದೆ. ವಿನಿಮಯದ ಏರಿಳಿತ ತಟ್ಟುವುದು ಉಳಿದ ಸ್ವಂತ ಬಂಡವಾಳಕ್ಕೆ ಮತ್ತು ಲಾಭಕ್ಕೆ ಮಾತ್ರ.

ಹಾಗಾದರೆ ಜಪಾನಿನವನಾಗಿರುವುದರ ಲಾಭವೇನು ಎಂದರೆ, ಸ್ವಂತ ಬಂಡವಾಳದ ಭಾಗಕ್ಕೆ ಅವಸರವಿಲ್ಲದಿರುವುದು. ಅಮೆರಿಕದ ಖಾಸಗಿ ಹೂಡಿಕೆ ನಿಧಿಯೊಂದು ಸಾಮಾನ್ಯವಾಗಿ ಹತ್ತು ವರ್ಷದೊಳಗೆ ಹಣ ಹಿಂತಿರುಗಿಸಲು ಬದ್ಧವಾಗಿರುತ್ತದೆ, ಹಾಗಾಗಿ ಮಾರುಕಟ್ಟೆ ಬಿದ್ದ ವರ್ಷವೇ ಮಾರಬೇಕಾದ ಇಕ್ಕಟ್ಟು ಬರಬಹುದು. ಕಸುಮಿಗಸೆಕಿ, ನಿಹೊಂಬಾಶಿ, ರೊಪ್ಪೊಂಗಿಗಳ ಬಾಡಿಗೆ ಬರುತ್ತಿರುವವರೆಗೆ ಮಿತ್ಸುಯಿ ಫುದೋಸಾನ್‌ಗೆ ಆ ಇಕ್ಕಟ್ಟಿಲ್ಲ. ಅಡಕೆ ತೋಟ ಹಾಕುವವನಿಗೆ ಫಸಲು ಬರುವ ತನಕ ಗದ್ದೆಯ ಭತ್ತ ಮನೆ ನಡೆಸಿದ ಹಾಗೆ ಎಂದರೆ ಮಲೆನಾಡಿನವರಿಗೆ ತಟ್ಟನೆ ತಿಳಿದೀತು. ಈ ಲಾಭಕ್ಕೆ ಬೆಲೆಯೂ ಇದೆ, ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಭಾರತಕ್ಕೆ ಬಂದರೆ, ಜಪಾನಿನ ಮೂರು ದೊಡ್ಡ ಸ್ಥಿರಾಸ್ತಿ ಕಂಪನಿಗಳು ಮೂರು ಬೇರೆ ದಾರಿ ಹಿಡಿದಿವೆ, ಇದು ನನಗೆ ಬಹಳ ಕುತೂಹಲಕರವಾಗಿ ಕಂಡಿದೆ. ಸುಮಿತೊಮೊ ರಿಯಾಲ್ಟಿ ಪಾಲುದಾರರಿಲ್ಲದೆ ತಾನೇ ಮುಂಬೈಗೆ ಬಂದು, ಬಾಂದ್ರಾ ಕುರ್ಲಾ ಸಂಕೀರ್ಣದಲ್ಲಿ 2019ರಲ್ಲಿ ಸುಮಾರು 3 ಎಕರೆ ಜಾಗವನ್ನು 80 ವರ್ಷಗಳ ಗುತ್ತಿಗೆಗೆ 2,238 ಕೋಟಿ ರೂಪಾಯಿ ಕೊಟ್ಟು ಪಡೆಯಿತು. 2023ರಲ್ಲಿ ವರ್ಲಿಯಲ್ಲಿ ಬಾಂಬೆ ಡೈಯಿಂಗ್‌ನ ಸುಮಾರು 22 ಎಕರೆಗೆ 5,200 ಕೋಟಿಯ ಒಪ್ಪಂದ ಮಾಡಿಕೊಂಡಿತು. ಮಿತ್ಸುಬಿಷಿ ಎಸ್ಟೇಟ್ 2024ರಲ್ಲಿ ಬಿರ್ಲಾ ಎಸ್ಟೇಟ್ಸ್ ಜೊತೆ ಸೇರಿ ಆಗ್ನೇಯ ಬೆಂಗಳೂರಿನ ವಸತಿ ಯೋಜನೆಗೆ ಹಣ ಹಾಕಿತು. ಮಿತ್ಸುಯಿ ಫುದೋಸಾನ್ ಹಿಡಿದದ್ದು ಹಡ್ಸನ್ ಯಾರ್ಡ್ಸ್‌ನ ದಾರಿ: ಬೆಂಗಳೂರಿನದೇ ಆದ ಆರ್‌ಎಂಝಡ್ ಸಂಸ್ಥೆಯ ಜೊತೆ, ಹೊರವರ್ತುಲ ರಸ್ತೆಯ ಇಕೋವರ್ಲ್ಡ್ ಆವರಣದಲ್ಲಿ ಇಕೋವರ್ಲ್ಡ್ 30 ಎಂಬ, ಸುಮಾರು 33 ಲಕ್ಷ ಚದರಡಿಯ ಕಚೇರಿ ಕಟ್ಟಡಗಳ ಯೋಜನೆಯನ್ನು 2020ರಲ್ಲಿ ಸೇರಿತು. ಭಾರತದಲ್ಲಿ ಅದಕ್ಕೆ ಇದೇ ಮೊದಲ ಯೋಜನೆ. ಇಡೀ ಜಗತ್ತು ಮನೆಯಿಂದ ಕೆಲಸ ಮಾಡುತ್ತಿದ್ದ ವರ್ಷದಲ್ಲಿ ಕಚೇರಿಗೆ ಹಣ ಹಾಕಲು ಹೊರಟದ್ದರಲ್ಲೇ ಅದರ ಲೆಕ್ಕದ ಅವಧಿ ಎಷ್ಟು ಉದ್ದದ್ದು ಎಂಬುದು ಕಾಣುತ್ತದೆ.

ನಮ್ಮ ಕಾನೂನೂ ಅವಸರದ ಹಣವನ್ನು ತಡೆಯುವಂತಿದೆ. ಕಟ್ಟಡ ನಿರ್ಮಾಣ ಯೋಜನೆಗಳಿಗೆ ವಿದೇಶಿ ನೇರ ಬಂಡವಾಳ ಸರ್ಕಾರದ ಪೂರ್ವಾನುಮತಿಯಿಲ್ಲದೆ ಶೇ. 100ರವರೆಗೆ ಬರಬಹುದು, ಆದರೆ ಲಾಭಕ್ಕಾಗಿ ಬರಿಯ ಜಮೀನು ಕೊಂಡು ಮಾರುವ ವ್ಯವಹಾರದಲ್ಲಿ ಅದಕ್ಕೆ ಪ್ರವೇಶವಿಲ್ಲ, ಕೃಷಿ ಭೂಮಿಯಲ್ಲೂ ಇಲ್ಲ. ಪ್ರತಿ ಕಂತಿನ ಹೂಡಿಕೆಯೂ ಸಾಮಾನ್ಯವಾಗಿ ಮೂರು ವರ್ಷ ಒಳಗೇ ಇರಬೇಕು ಅಥವಾ ಯೋಜನೆಯ ಮೂಲಸೌಕರ್ಯ ಮುಗಿದಿರಬೇಕು. ಬೆಂಗಳೂರಿನ ಕಚೇರಿ ಗುತ್ತಿಗೆಗಳ ಸ್ವರೂಪವೂ ಕಾಯುವವನಿಗೇ ಹೊಂದುತ್ತದೆ. ಬಾಡಿಗೆದಾರ ಮೂರರಿಂದ ಐದು ವರ್ಷ ಬಿಟ್ಟುಹೋಗುವಂತಿಲ್ಲ, ಆಮೇಲೆ ಹೋಗಬಹುದು. ಇದ್ದರೆ ಮೂರು ವರ್ಷಕ್ಕೊಮ್ಮೆ ಬಾಡಿಗೆ ಶೇ. 15ರ ಆಸುಪಾಸು ಏರುತ್ತದೆ ಎಂಬುದು ಇಲ್ಲಿಯ ವಾಡಿಕೆ. ನ್ಯೂಯಾರ್ಕ್‌ನ ಭದ್ರತೆ ಇದರಲ್ಲಿಲ್ಲ, ಟೋಕಿಯೊದ ಜಡತೆಯೂ ಇಲ್ಲ. ಜಾಗತಿಕ ಕಂಪನಿಗಳು ಬೆಂಗಳೂರಿನಲ್ಲಿ ತೆರೆಯುತ್ತಿರುವ ಸಾಮರ್ಥ್ಯ ಕೇಂದ್ರಗಳು, ಎಂದರೆ ತಮ್ಮದೇ ಕೆಲಸವನ್ನು ಇಲ್ಲಿಂದ ಮಾಡಿಸುವ ಕಚೇರಿಗಳು, ಒಳಾಂಗಣಕ್ಕೆ ತಾವೇ ದೊಡ್ಡ ಖರ್ಚು ಮಾಡುವುದರಿಂದ ಸುಲಭವಾಗಿ ಎದ್ದು ಹೋಗುವುದಿಲ್ಲ ಎಂಬ ನಂಬಿಕೆಯೇ ಇಂಥ ಹೂಡಿಕೆಗಳ ತಳಹದಿ.

ರೂಪಾಯಿ ಸವೆಯುತ್ತದಲ್ಲ, ಅದರಿಂದ ಜಪಾನಿನವರಿಗೆ ನಷ್ಟವಾಗದೇ ಎಂದು ನೀವು ಕೇಳಬಹುದು. ಡಾಲರಿನ ಎದುರು ರೂಪಾಯಿ ಇಳಿದಿದೆ ನಿಜ, ಆದರೆ ಯೆನ್ ಅದಕ್ಕಿಂತ ಹೆಚ್ಚು ಇಳಿದಿದೆ. 2020ರ ಕೊನೆಗೆ 100 ಯೆನ್‌ಗೆ ಸುಮಾರು 70 ರೂಪಾಯಿ ಸಿಗುತ್ತಿದ್ದರೆ, ಡಾಲರಿಗೆ 160 ಯೆನ್ ಆಗಿದ್ದ 2024ರ ಜುಲೈ ಆರಂಭದಲ್ಲಿ ಸುಮಾರು 52 ರೂಪಾಯಿ ಸಿಗುತ್ತಿತ್ತು. ಆ ಅವಧಿಯಲ್ಲಿ ಬೆಂಗಳೂರಿನ ಬಾಡಿಗೆಯನ್ನು ಯೆನ್‌ಗೆ ಬದಲಿಸಿದವನು ವಿನಿಮಯದಲ್ಲೂ ಗಳಿಸಿದ್ದಾನೆ. ಯೆನ್ ಮತ್ತೆ ಬಲಗೊಂಡರೆ ಈ ಲೆಕ್ಕ ತಿರುಗಿ ಬೀಳುತ್ತದೆ ಎಂಬುದನ್ನೂ ಮರೆಯಬಾರದು.

ಮಾರಿ ಹೋಗುತ್ತಾರೆಯೇ ಎಂಬುದಕ್ಕೆ ನನ್ನ ನೇರ ಉತ್ತರ ಇದು: ಪೂರ್ಣವಾಗಿ, ಅವಸರದಲ್ಲಿ ಹೋಗುವ ಸಂಭವ ಕಡಿಮೆ; ಕಟ್ಟಡ ತುಂಬಿ ಬೆಲೆ ಬಂದಾಗ ಒಂದು ಭಾಗವನ್ನು ಮಾರಿ ಮುಂದಿನ ಯೋಜನೆಗೆ ಹಾಕುವ ಸಂಭವ ಸಾಕಷ್ಟಿದೆ. 2019ರಲ್ಲಿ ಎಂಬೆಸಿ ಆಫೀಸ್ ಪಾರ್ಕ್ಸ್ ಭಾರತದ ಮೊದಲ ರೀಟ್ ಆಗಿ ಷೇರುಪೇಟೆಗೆ ಬಂದಮೇಲೆ, ತುಂಬಿದ ಕಚೇರಿ ಕಟ್ಟಡಕ್ಕೆ ಇಲ್ಲಿಯೂ ಕೊಳ್ಳುವವರ ಒಂದು ವರ್ಗ ಸಿದ್ಧವಾಗಿದೆ. ಬಾಡಿಗೆದಾರ ಕಂಪನಿಯ ಉದ್ಯೋಗಿಯಾದ ನಿಮಗೆ ಅದರಿಂದ ಆಗುವ ವ್ಯತ್ಯಾಸ ಅತ್ಯಲ್ಪ, ಏಕೆಂದರೆ ದಿನದ ನಿರ್ವಹಣೆ ಹೆಚ್ಚಾಗಿ ಸ್ಥಳೀಯರ ಕೈಯಲ್ಲೇ ಇರುತ್ತದೆ.

ಮಾರುವ ಒತ್ತಡ ಹೆಚ್ಚುತ್ತಿರುವುದು ಟೋಕಿಯೊದಲ್ಲಿ, ಕಾಯುವ ಶಕ್ತಿಗೆ ತೆರಬೇಕಾದ ಬೆಲೆ ಎಂದು ನಾನು ಹೇಳಿದ್ದು ಇದನ್ನೇ. ಜಪಾನಿನ ಲೆಕ್ಕಪದ್ಧತಿಯಲ್ಲಿ ಬಾಡಿಗೆ ಕಟ್ಟಡಗಳನ್ನು ಕೊಂಡ ಅಥವಾ ಕಟ್ಟಿದ ಬೆಲೆಯಿಂದ ಸವಕಳಿ ಕಳೆದು ತೋರಿಸುತ್ತಾರೆ. ಇಂದಿನ ಮಾರುಕಟ್ಟೆ ಬೆಲೆ ಟಿಪ್ಪಣಿಗಳಲ್ಲಿ ಮಾತ್ರ ಸಿಗುತ್ತದೆ. ಮಿತ್ಸುಯಿ ಫುದೋಸಾನ್‌ನ ಟಿಪ್ಪಣಿಯಲ್ಲಿ ಕಾಣುವ ಈ ಎರಡು ಬೆಲೆಗಳ ಅಂತರ 3 ಲಕ್ಷ ಕೋಟಿ ಯೆನ್‌ಗೂ ಹೆಚ್ಚು. ಷೇರಿನ ಬೆಲೆಯಲ್ಲಿ ಆ ಅಂತರ ಪೂರ್ಣ ಕಾಣದಿದ್ದಾಗ, ಒತ್ತಡ ಹೇರುವುದರಲ್ಲಿ ಹೆಸರಾದ ಎಲಿಯಟ್ ಎಂಬ ಅಮೆರಿಕನ್ ಹೂಡಿಕೆ ಸಂಸ್ಥೆ ಪಾಲು ಕೊಂಡು, ಕಂಪನಿ 1 ಲಕ್ಷ ಕೋಟಿ ಯೆನ್ ಮೌಲ್ಯದ ಷೇರು ಮರುಖರೀದಿ ಮಾಡಬೇಕು, ಎಂದರೆ ತನ್ನದೇ ಷೇರುಗಳನ್ನು ಷೇರುದಾರರಿಂದ ಹಿಂದಕ್ಕೆ ಕೊಳ್ಳಬೇಕು, ಓರಿಯಂಟಲ್ ಲ್ಯಾಂಡ್ ಷೇರುಗಳನ್ನು ಮಾರಬೇಕು ಎಂದು ಕೇಳಿತೆಂಬ ಸುದ್ದಿ 2024ರ ಫೆಬ್ರವರಿಯಲ್ಲಿ ಹೊರಬಂತು. ಕಂಪನಿ ಅಷ್ಟಕ್ಕೆ ಒಪ್ಪಲಿಲ್ಲ. ಆದರೆ ಆ ಏಪ್ರಿಲ್‌ನಲ್ಲಿ ಹೊರತಂದ ದೀರ್ಘಾವಧಿ ಯೋಜನೆಯಲ್ಲಿ ಲಾಭದ ಅರ್ಧ ಅಥವಾ ಅದಕ್ಕಿಂತ ಹೆಚ್ಚನ್ನು ಷೇರುದಾರರಿಗೆ ಮರಳಿಸುವುದಾಗಿಯೂ, ಸ್ವಂತ ಬಂಡವಾಳದ ಮೇಲಿನ ಗಳಿಕೆಯನ್ನು 2030ರ ಸುಮಾರಿಗೆ ಶೇ. 10ಕ್ಕೆ ಏರಿಸುವುದಾಗಿಯೂ ಹೇಳಿತು. ಇಪ್ಪತ್ತಮೂರು ವರ್ಷ ಕಾದು ಡಿಸ್ನಿಲ್ಯಾಂಡ್ ತೆರೆಯುವಂಥ ಯೋಜನೆಗಳು ಈ ಗುರಿಯ ಜೊತೆ ಸುಲಭವಾಗಿ ಹೊಂದುವುದಿಲ್ಲ. ಈ ಒತ್ತಡದಲ್ಲಿ ಕಂಪನಿಯ ಒಳ್ಳೆಯ ಗುಣವೇ ಸವೆದೀತು ಎಂಬ ಆತಂಕ ನನಗಿದೆ.

ಆದ್ದರಿಂದ ವಾರ್ಷಿಕ ವರದಿ ತೆರೆದಾಗ ಮುಖಪುಟದ ನಿವ್ವಳ ಲಾಭಕ್ಕಿಂತ ಮೊದಲು, ಆ ಲಾಭದಲ್ಲಿ ಬಾಡಿಗೆಯಿಂದ ಬಂದದ್ದೆಷ್ಟು, ಕಟ್ಟಡ ಮಾರಿ ಬಂದದ್ದೆಷ್ಟು ಎಂದು ಬೇರ್ಪಡಿಸಿ ನೋಡಿ. ಮಾರಾಟದ ಪಾಲು ವರ್ಷದಿಂದ ವರ್ಷಕ್ಕೆ ಏರುತ್ತಿದ್ದರೆ ಕಾಯುವ ಅಭ್ಯಾಸ ಬದಲಾಗುತ್ತಿದೆ ಎಂದರ್ಥ. ಆಮೇಲೆ ಸಾಲದ ಪುಟಕ್ಕೆ ಹೋಗಿ. ಒಟ್ಟು ಸಾಲ 4 ಲಕ್ಷ ಕೋಟಿ ಯೆನ್ ದಾಟಿರುವಾಗ ಬಡ್ಡಿ ಶೇ. 1 ಏರಿದರೂ, ಇಡೀ ಸಾಲ ಹೊಸ ದರಕ್ಕೆ ಬಂದ ದಿನ ವರ್ಷಕ್ಕೆ 4,000 ಕೋಟಿ ಯೆನ್ ಹೆಚ್ಚು ಕಟ್ಟಬೇಕಾಗುತ್ತದೆ. ಬ್ಯಾಂಕ್ ಆಫ್ ಜಪಾನ್ 2024ರ ಮಾರ್ಚ್‌ನಲ್ಲಿ ಋಣಾತ್ಮಕ ಬಡ್ಡಿಯನ್ನು ಕೈಬಿಟ್ಟು 2025ರ ಜನವರಿಯ ಹೊತ್ತಿಗೆ ದರವನ್ನು ಶೇ. 0.5ಕ್ಕೆ ತಂದಿತು. ಯೆನ್ ಸಾಲದ ಹೆಚ್ಚಿನ ಭಾಗ ದೀರ್ಘಾವಧಿಯದಾದ್ದರಿಂದ ಅದರ ಪೆಟ್ಟು ಒಮ್ಮೆಲೇ ಬೀಳುವುದಿಲ್ಲ, ಹಳೆಯ ಸಾಲಗಳು ಒಂದೊಂದಾಗಿ ನವೀಕರಣಕ್ಕೆ ಬಂದಂತೆ ಬೀಳುತ್ತದೆ. ಅದೇ ಅವಧಿಯಲ್ಲಿ ಟೋಕಿಯೊದ ಎರಡು ವರ್ಷದ ಗುತ್ತಿಗೆಗಳೂ ನವೀಕರಣಕ್ಕೆ ಬರುತ್ತವೆ. ಬೆಲೆಗಳು ಏರತೊಡಗಿರುವ ಇಂದಿನ ಜಪಾನಿನಲ್ಲಿ ಬಾಡಿಗೆ ಬಡ್ಡಿಗಿಂತ ಬೇಗ ಏರುತ್ತದೆಯೇ ಎಂಬುದನ್ನು, ಪ್ರತಿ ಮೂರು ತಿಂಗಳ ವರದಿಯಲ್ಲಿ ಬರುವ ಟೋಕಿಯೊ ಕಚೇರಿಗಳ ಖಾಲಿ ಜಾಗದ ಪ್ರಮಾಣ ಮತ್ತು ನವೀಕರಣದಲ್ಲಿ ಏರಿಸಿದ ಬಾಡಿಗೆಯ ವಿವರಗಳಿಂದ ನೀವೇ ಲೆಕ್ಕ ಹಾಕಬಹುದು.